ಈರಕ್ಕನಿಗೊಂದು ತವರಿನ ಬುತ್ತಿ

ಕಾನಹೊಸಹಳ್ಳಿ
೧೪ ಆಗಸ್ಟ್ ೧೯೯೮

ಪ್ರೀತಿಯ ಅವ್ವನಿಗೆ ಶರಣು.

ಇತ್ತ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾದೀತು. ಬಹಳ ಕ್ಷೇಮವಾಗಿರುವುದು ಗಿಡ್ಡಮ್ಮನ ಎಮ್ಮೆ ಮಾತ್ರ. ಹೇಳುತ್ತೇನೆ, ನಗಬೇಡ.

ನಮ್ಮ ಮಹಿಳಾ ಸಂಘದಿಂದ ಬಡ ಬಸುರಿಯರಿಗೆ ಹಿಟ್ಟು ಹಂಚುವುದು ನಿನಗೆ ಗೊತ್ತು. ಪೇಟೆಯ ಡಬ್ಬಿಯ ಪೌಷ್ಟಿಕ ಪುಡಿ ಕೊಳ್ಳುವ ಶಕ್ತಿ ನಮಗೆಲ್ಲಿದೆ? ಅಪ್ಪನ ಅಂಗಡಿಯಿಂದ ಅಗ್ಗಕ್ಕೆ ಬರುವ ಒಡಕು ಶೇಂಗಾ ಆರಿಸಿ, ನವಣೆಯ ಜೊತೆ ಹುರಿದು, ಬೀಸಿ, ಬೆಲ್ಲ ಸೇರಿಸುತ್ತೇವೆ. ತಪ್ಪಾದದ್ದು ಚೀಲದಲ್ಲಿ. ಜಾಣತನ ತೋರಿಸಲು ಹೋಗಿ, ಅಂಗಡಿಗೆ ದನದ ಹಿಂಡಿ ತುಂಬಿ ಬರುವ ಚೀಲಗಳನ್ನೇ ಒಗೆದು, ಕತ್ತರಿಸಿ, ಸಣ್ಣ ಚೀಲ ಹೊಲಿದೆ.

ಗಿಡ್ಡಮ್ಮನ ಸೊಸೆ ಈರಕ್ಕನಿಗೆ ಈಗ ಏಳು ತಿಂಗಳು. ಹೋದ ವರ್ಷ ಹೆತ್ತ ಕೂಸು ಒಂಬತ್ತು ದಿನವೂ ಉಳಿಯಲಿಲ್ಲ. ಈ ಸಲವೂ ಮೈಯಲ್ಲಿ ರಕ್ತವಿಲ್ಲ, ಚೆನ್ನಾಗಿ ಉಣ್ಣದಿದ್ದರೆ ತಾಯಿ ಮಗು ಇಬ್ಬರಿಗೂ ಕಷ್ಟ ಎಂದು ನರ್ಸಮ್ಮ ಹೇಳಿದ್ದಾರೆ. ಆರು ವಾರ ಹಿಟ್ಟು ಕೊಟ್ಟರೂ ಅವಳ ಮೈ ತುಂಬಲಿಲ್ಲವಲ್ಲ ಎಂದು ಮನೆಗೇ ಹೋದೆ. ವಾರವಾರ ಬಂದು ಚೀಲ ಒಯ್ಯುತ್ತಿದ್ದ ಗಿಡ್ಡಮ್ಮ ಬಾಯಿ ತುಂಬ ಹರಸಿದಳು. "ನಿಮ್ಮ ಹಿಂಡಿ ಭಾಳ ಚಲೋ ಐತ್ರಿ ಅಕ್ಕಾರ, ಎಮ್ಮಿ ಒಂದು ಸೇರು ಹಾಲು ಜಾಸ್ತಿ ಕೊಡಾಕ್ಹತ್ತೈತಿ!" ಆ ಹಾಲೆಲ್ಲ ಹೆದ್ದಾರಿಯ ಹೋಟೆಲಿಗೆ. ಬಸುರಿಯ ತುತ್ತು ಲಾರಿಯವರ ಚಹಾಕ್ಕೆ ಹೋಗಿತ್ತು. ಸಿಟ್ಟಿಗೆ ಅಲ್ಲೇ ಅತ್ತುಬಿಟ್ಟೆ.

ಇದು ಮನುಷ್ಯರು ತಿನ್ನುವುದು ಎಂದರೂ ಗಿಡ್ಡಮ್ಮ ಒಪ್ಪಲಿಲ್ಲ. "ಹಿಂಡಿ ಚೀಲದಾಗ ಬಂದದ್ದನ್ನ ಸೊಸಿಗೆ ಇಟ್ರ ಮಂದಿ ಏನಂತಾರ್ರಿ?" ಎಂದಳು. ಆಗ ನನಗೆ ಹೊಳೆದದ್ದು ಬಯಕೆ ಬುತ್ತಿ. ತವರಿಂದ ಅವ್ವ ಕಟ್ಟಿ ತಂದ ಬುತ್ತಿಯನ್ನು ಯಾವ ಅತ್ತೆಯೂ ಎಮ್ಮೆಗೆ ಹಾಕುವುದಿಲ್ಲ. ಬಸುರಿಯೇ ಮೊದಲು ಉಣ್ಣಬೇಕು. ಅದೇ ಹಿಟ್ಟನ್ನು ಉಂಡೆ ಕಟ್ಟಿ ಬುತ್ತಿಯಾಗಿ ತಂದರೆ ಹೇಗೆ ಎಂದು ಕೇಳಿದೆ. ಗಿಡ್ಡಮ್ಮ ನಿಟ್ಟುಸಿರಿಟ್ಟಳು. "ತಾಯಿ ಇಲ್ಲದಾಕಿಗೆ ಬುತ್ತಿ ಯಾರು ತರ್ತಾರ್ರಿ?"

"ನಮ್ಮವ್ವ ತರ್ತಾಳ" ಎಂದುಬಿಟ್ಟೆ.

ಗಿಡ್ಡಮ್ಮನವರ ಕೇರಿಯ ಹೊಸ್ತಿಲು ತುಳಿಯಬೇಡ, ಅವರ ಕೈಯ ನೀರು ಮುಟ್ಟಬೇಡ ಎಂದು ಹೋದ ಪತ್ರದಲ್ಲಿ ನೀನು ಬರೆದದ್ದು ಮರೆತಿಲ್ಲ. ಓದಿ ನೋವಾಯಿತು ಅವ್ವ. ಆದರೂ ಕೇಳುತ್ತೇನೆ. ಇಪ್ಪತ್ತನಾಲ್ಕರ ಸೋಮವಾರ ಕೊಟ್ಟೂರಿನಿಂದ ಬೆಳಗಿನ ಬಸ್ಸಿಗೆ ಬಾ. ಈರಕ್ಕನ ಮನೆಯಲ್ಲಿ ಕೂತು, ಬುತ್ತಿ ಬಿಚ್ಚಿ, ನಿನ್ನ ಕೈಯಾರೆ ಉಣಿಸು. ಗಿಡ್ಡಮ್ಮ ಕೊಟ್ಟ ನೀರು ಕುಡಿ. ಆಮೇಲೆ ವಾರವಾರ ನಿನ್ನ ಹೆಸರಿನಲ್ಲಿ ನಾನೇ ಒಯ್ದು, ನನ್ನೆದುರೇ ತಿನ್ನಿಸಿ ಬರುತ್ತೇನೆ. ನಾನು ಹೆಚ್ಚೆಂದರೆ ಅವಳಿಗೆ ತಂಗಿಯಾದೇನು. ಅವ್ವನ ಜಾಗಕ್ಕೆ ಅವ್ವನೇ ಬೇಕು.

ನಿನ್ನ ಹಟಮಾರಿ ಮಗಳು,
ಪುಷ್ಪಲತಾ

ತಾ.ಕ.: ಒಂದು ಸಂಗತಿ ಮುಚ್ಚಿಟ್ಟಿದ್ದೆ. ನನಗೂ ನಾಲ್ಕು ತಿಂಗಳು ತುಂಬಿತು. ಇದನ್ನು ಓದಿದೊಡನೆ ನನಗೂ ಬುತ್ತಿ ಕಟ್ಟಲು ಒಳಗೆ ಓಡುತ್ತೀ, ಗೊತ್ತು. ಕಟ್ಟಿಕೊಂಡು ಬಾ. ಆದರೆ ಈರಕ್ಕನಿಗೆ ಉಣಿಸದ ಕೈಯಿಂದ ನಾನು ಉಣ್ಣುವುದಿಲ್ಲ.