ಅಣ್ಣನ ಎಡಗಡೆ

ಮಾರ್ಚ್ 3, ಸೋಮವಾರ

ಇವತ್ತೂ ಅಣ್ಣನ ಆಟಗಳೇ. ಒಳಗೆ ಡಾಕ್ಟರ್ ಯಾರದೋ ದವಡೆ ಹಲ್ಲು ಕೊರೆಯುತ್ತಿದ್ದಾರೆ, ಹೊರಗೆ ರಿಸೆಪ್ಷನ್‌ನಲ್ಲಿ ನಾನು ಅಣ್ಣನ ಗುಟ್ಟು ಕೆದಕುತ್ತಿದ್ದೇನೆ. ಯಾರಾದರೂ ಬಂದರೆ ಸ್ಕ್ರೀನ್ ಮೇಲೆ ಅಪಾಯಿಂಟ್‌ಮೆಂಟ್, ಹೋದ ಮೇಲೆ ಚೆಸ್.

ಕ್ಲಬ್‌ನಲ್ಲಿ ನಡೆದ ಆಟಗಳನ್ನೆಲ್ಲ ಗಡಿಯಾರ ಮಾಮ ಡೇಟಾಬೇಸ್‌ಗೆ ಹಾಕುತ್ತಾರೆ. ನಮ್ಮ ಸೆಕ್ರೆಟರಿ. ಒಂದು ನಿಮಿಷ ತಡವಾಗಿ ಹೋದರೂ ಗೋಡೆ ಗಡಿಯಾರದ ಕಡೆ ಬೆರಳು ತೋರಿಸುತ್ತಾರೆ, ಅದಕ್ಕೇ ಆ ಹೆಸರು. ಆಟಗಾರನ ಹೆಸರು ಹಾಕಿ ಹುಡುಕಿದರೆ ಸಾಕು, ಅವನು ಆಡಿದ್ದೆಲ್ಲ ನಡೆ ನಡೆಯಾಗಿ ಕಣ್ಣೆದುರು ಬರುತ್ತದೆ.

ಹದಿನೈದಕ್ಕೆ ಫೈನಲ್. ಅಣ್ಣ ಮತ್ತು ನಾನು. ಗೆದ್ದವರು ರಾಜ್ಯ ಮಟ್ಟಕ್ಕೆ. ಆನೆ ನೇರಕ್ಕೆ, ಒಂಟೆ ಓರೆಗೆ ಎಂದು ಕಲಿಸಿದವನೇ ಅವನು. ಪಂದ್ಯದಲ್ಲಿ ಒಂದು ಸಲವೂ ಸೋಲಿಸಲಾಗಿಲ್ಲ. ಈ ಸಲ ಬಿಡುವುದಿಲ್ಲ. ಸದ್ಯಕ್ಕೆ ಇದಕ್ಕಿಂತ ದೊಡ್ಡ ಆಸೆ ನನಗೆ ಇನ್ನೊಂದಿಲ್ಲ.

ಮಾರ್ಚ್ 5, ಬುಧವಾರ

ಸಿಕ್ಕಿಬಿದ್ದ!

ಕಳೆದ ಒಂದು ವರ್ಷ, ಸೋತ ಆಟಗಳು ಮಾತ್ರ — ಹಾಗೆ ಸೋಸಿದೆ. ಮೊದಲೆಲ್ಲ ಅವನು ಸೋಲುವುದೇ ಅಪರೂಪ. ಈಗ ಸಾಲು ಸಾಲು. ಬಿಳಿ ಕಾಯಿ ಹಿಡಿದಾಗ ಎ ಸಾಲಿನಲ್ಲಿ ಏಟು ತಿನ್ನುತ್ತಾನೆ, ಬೋರ್ಡಿನ ಆ ತುದಿ. ಕಪ್ಪು ಹಿಡಿದಾಗ ಎಚ್ ಸಾಲು, ಈ ತುದಿ. ಎದುರಾಳಿಯ ಆನೆ ಅಂಚಿನಲ್ಲಿ ರಾಜಾರೋಷವಾಗಿ ಇಳಿದು ಬರುತ್ತಿದ್ದರೆ ಇವನು ಬೇರೆಲ್ಲೋ ಪದಾತಿ ತಳ್ಳುತ್ತಾ ಕೂತಿರುತ್ತಾನೆ. ಅಹಂಕಾರ, ಬೇರೇನಲ್ಲ.

ಫೈನಲ್‌ನಲ್ಲಿ ನನಗೆ ಬಿಳಿ, ಅವನಿಗೆ ಕಪ್ಪು. ಅಂದರೆ ಎಚ್ ಸಾಲಿನಲ್ಲಿ ನುಗ್ಗುವುದು. ಖುಷಿ ತಡೆಯಲಾರದೆ ರಾತ್ರಿ ನಮ್ಮ ಯಜಮಾನರಿಗೆ ಹೇಳಿದೆ.

"ಒಡಹುಟ್ಟಿದೋನ ಮೇಲೆ ಗೂಢಚಾರಿಕೆನಾ?" ಎಂದರು.

"ಅವನೂ ನನ್ನ ಆಟ ನೋಡ್ತಿರ್ತಾನೆ ಬಿಡಿ."

ನೋಡುತ್ತಿರುವುದಿಲ್ಲ. ಕಂಪ್ಯೂಟರ್ ಎಂದರೆ ಅವನಿಗೆ ಆಗಿಬರುವುದಿಲ್ಲ. ಇರಲಿ.

ಮಾರ್ಚ್ 8, ಶನಿವಾರ. ಸಂಜೆ

ಅವನ ಕುರ್ಚಿಯಲ್ಲಿ ಕೂತರೆ ಎಚ್ ಸಾಲು ಹೇಗೆ ಕಾಣುತ್ತದೆ ನೋಡೋಣ ಎಂದು 'ಫ್ಲಿಪ್' ಒತ್ತಿದೆ. ಸಾಫ್ಟ್‌ವೇರ್ ಯಾವಾಗಲೂ ಬಿಳಿ ಕಾಯಿಗಳನ್ನು ಕೆಳಗಿಟ್ಟು ತೋರಿಸುತ್ತದೆ. ನಾವೆಲ್ಲ ಹಾಗೇ ನೋಡಿ ರೂಢಿ, ಯಾರೂ ತಿರುಗಿಸುವ ಗೋಜಿಗೆ ಹೋಗುವುದಿಲ್ಲ. ತಿರುಗಿಸಿದೆ. ಬಲಕ್ಕಿದ್ದ ಎಚ್ ಸಾಲು ಎಡಕ್ಕೆ ಬಂತು.

ಬಿಳಿ ಆಟಗಳ ಎ ಸಾಲು ಮೊದಲೇ ಎಡಕ್ಕಿದೆಯಲ್ಲ...

ಕಪ್ಪು ಆಟಗಳನ್ನು ಒಂದೊಂದಾಗಿ ತಿರುಗಿಸುತ್ತಾ ಹೋದೆ. ಎಡ. ಎಡ. ಮತ್ತೆ ಎಡ. ಎರಡು ದೌರ್ಬಲ್ಯ ಅಂದುಕೊಂಡಿದ್ದು ಒಂದೇ. ಅಹಂಕಾರವೂ ಅಲ್ಲ, ಮಣ್ಣೂ ಅಲ್ಲ. ಎಡಗಡೆ ಇರುವುದು ಅಣ್ಣನಿಗೆ ಕಾಣುತ್ತಿಲ್ಲ.

ಹೋದ ತಿಂಗಳು ಅತ್ತಿಗೆ, "ಎಡಗಡೆ ಕನ್ನಡಿ ಮತ್ತೆ ಮುರ್ಕೊಂಡು ಬಂದಿದಾರೆ ನಿಮ್ಮಣ್ಣ" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಅದು ಅವನು ಓಡಿಸುವ ಶಾಲಾ ವ್ಯಾನಿನ ಕನ್ನಡಿ. ದಿನಾ ಬೆಳಿಗ್ಗೆ ಆ ವ್ಯಾನಿನ ತುಂಬ ಮಕ್ಕಳು.

ಮಾರ್ಚ್ 9, ಭಾನುವಾರ

ಲ್ಯಾಪ್‌ಟಾಪ್ ಹಿಡಿದು ಅಣ್ಣನ ಮನೆಗೆ ಹೋದೆ. ಬೈಸಿಕೊಂಡು ಬಂದೆ.

"ಏನೇ ಕೋತಿ, ಫೈನಲ್‌ಗೆ ಮುಂಚೆ ನನ್ನ ತಲೆ ಕೆಡಿಸೋಕೆ ಬಂದ್ಯಾ?"

"ಫೈನಲ್ ಹಾಳಾಗೋಗ್ಲಿ. ನಿಂಗೆ ಎಡಗಡೆ ಸರಿಯಾಗಿ ಕಾಣ್ತಿಲ್ಲ ಅಣ್ಣ. ನೋಡಿಲ್ಲಿ, ಸೋತಿದ್ದೆಲ್ಲ ಒಂದೇ ಕಡೆ."

"ಇಷ್ಟು ವರ್ಷ ಗಾಡಿ ಓಡಿಸಿದೋನು ಕಣೇ ನಾನು. ನೀನು ನಂಗೆ ಕಣ್ಣು ಪರೀಕ್ಷೆ ಮಾಡ್ತೀಯಾ?"

ರೇಗಿ ಎದ್ದ. ಅತ್ತಿಗೆ ಆಗಷ್ಟೇ ಟೀ ತಂದಿಟ್ಟಿದ್ದರು. ಅವನ ಎಡ ಮೊಣಕೈ ತಗುಲಿ ಲೋಟ ಉರುಳಿತು. ಮೂವರೂ ಅದನ್ನೇ ನೋಡಿದೆವು. ಆಮೇಲೆ, "ಹೊರಡು ನೀನು" ಎಂದ.

ಹೊರಟೆ. ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಬಂದೆ. ಮರೆತಲ್ಲ.

ನಾಳೆ ಅವನು ವ್ಯಾನ್ ತೆಗೆದರೆ ಶಾಲೆಗೆ ಫೋನ್ ಮಾಡಿ ಹೇಳಲೇಬೇಕು. ಹೇಳಿದರೆ ಅವನ ಕೆಲಸ ಹೋಗುತ್ತದೆ. ನನಗೆ ಅಣ್ಣನೂ ಇಲ್ಲದಂತಾಗುತ್ತದೆ. ಆದರೂ ಹೇಳುತ್ತೇನೆ. ದೇವರೇ, ಹೇಳುವ ಹಾಗಾಗದಿರಲಿ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ

ಹಾಲು ಕಾಯಿಸುವಾಗ ಫೋನ್.

"ಕೋತಿ, ಡ್ರಾ ಆದ ಆಟ ಯಾಕೆ ನೋಡಿಲ್ಲ ನೀನು?"

"ಆಂ?"

"ಬರೀ ಸೋತಿದ್ದು ನೋಡಿದೀಯ. ಡ್ರಾ ಆಗಿರೋದ್ರಲ್ಲೂ ಅದೇ ಕಥೆ. ಗೆಲ್ಲೋ ಆಟ, ಎಡಗಡೆ ಒಂಟೆ ಕಾಣ್ದೆ ಕೈ ಬಿಟ್ಟಿದೀನಿ. ಹುಡುಕೋದಾದ್ರೆ ನೆಟ್ಟಗೆ ಹುಡುಕ್ಬೇಕು."

ನನ್ನ ಮಾತು ನಂಬದವನು ಆಟವನ್ನು ನಂಬಿದ್ದಾನೆ. ಹಾಲು ಉಕ್ಕಿ ಹೋಯಿತು, ಹೋಗಲಿ.

"ವ್ಯಾನ್ ಕೀ ಶಾಲೆಗೆ ಕೊಟ್ಟು ಬಂದೆ. ಕಣ್ಣು ತೋರಿಸ್ಕೊಳೋವರೆಗೆ ಬೇರೆಯವರು ಓಡಿಸ್ತಾರೆ." ದನಿ ತಗ್ಗಿಸಿದ. "ಭಯ ಆಗ್ತಿದೆ ಕಣೇ."

ಅಣ್ಣ ಭಯ ಎಂದದ್ದನ್ನು ನಾನು ಕೇಳಿದ್ದು ಇದೇ ಮೊದಲು. ಧೈರ್ಯ ಹೇಳಿ ಫೋನ್ ಇಟ್ಟು, ಅಡುಗೆಮನೆಯಲ್ಲೇ ಕೂತು ಅತ್ತೆ.

ಮಾರ್ಚ್ 13, ಗುರುವಾರ

ಅಣ್ಣನನ್ನು ನಮ್ಮ ಹಲ್ಲಿನ ಡಾಕ್ಟರೇ ತಮ್ಮ ಗೆಳೆಯರಾದ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಮಷೀನಿನೊಳಗೆ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬಲಗಡೆಯವಕ್ಕೆಲ್ಲ ಒತ್ತಿದ. ಎಡಗಡೆಯವು ಬಂದು ಹೋದದ್ದೇ ಗೊತ್ತಾಗಲಿಲ್ಲ. ಕಣ್ಣು ಚೆನ್ನಾಗಿದೆಯಂತೆ, ತೊಂದರೆ ಅದರ ಹಿಂದೆ. ತಲೆ ಸ್ಕ್ಯಾನ್ ಆಗಬೇಕು. ಸಿಕ್ಕಿದ್ದು ಶನಿವಾರ ಬೆಳಿಗ್ಗೆ.

ಶನಿವಾರ ಫೈನಲ್.

ಗಡಿಯಾರ ಮಾಮನಿಗೆ ಫೋನ್ ಮಾಡಿ ಎಲ್ಲ ಹೇಳಿ, ಫೈನಲ್ ಮುಂದೂಡಲು ಕೇಳಿದೆ. "ನಿಯಮ ನಿಯಮಾನೇ ಮಗಳೇ. ಇಬ್ಬರೂ ಬರ್ದಿದ್ರೆ ಅವಕಾಶ ಮೂರನೇ ಸ್ಥಾನದವರಿಗೆ ಹೋಗುತ್ತೆ" ಎಂದರು. ಮತ್ತೆ, "ನೀನು ಅವನ ಜೊತೆ ಹೋಗು. ತಡ ಮಾಡ್ಬೇಡ."

ಮೂರನೇ ಸ್ಥಾನ ಎಂದರೆ ನಮ್ಮ ಕ್ಲಬ್‌ನ ದರ್ಜಿ. ನಡೆ ನಡೆಗೂ ತೂಕಡಿಸುವ ಆಸಾಮಿ ರಾಜ್ಯ ಮಟ್ಟಕ್ಕೆ! ಹೊಟ್ಟೆ ಉರಿಯಲಿಲ್ಲವೇ? ಉರಿಯಿತು. ಸುಳ್ಳೇಕೆ ಬರೆಯಲಿ.

ಮಾರ್ಚ್ 15, ಶನಿವಾರ

ತಲೆಯೊಳಗೆ, ನೋಟದ ನರಕ್ಕೆ ಒತ್ತಿಕೊಂಡು ಒಂದು ಗಂಟು ಬೆಳೆದಿದೆ. ನಿಧಾನವಾಗಿ ಬೆಳೆಯುವ ಜಾತಿ, ಕ್ಯಾನ್ಸರ್ ತರಹ ಕಾಣುತ್ತಿಲ್ಲ ಎಂದರು ದೊಡ್ಡ ಡಾಕ್ಟರ್. ತೆಗೆಯಬೇಕು. ತೆಗೆದರೆ ನೋಟ ಮರಳಬಹುದು, ಪೂರ್ತಿ ಅಲ್ಲದಿದ್ದರೂ. ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ.

"ಇಷ್ಟು ಬೇಗ ಹೇಗೆ ಗೊತ್ತಾಯ್ತು ನಿಮ್ಗೆ?" ಎಂದು ಅಣ್ಣನನ್ನು ಕೇಳಿದರು.

"ನನ್ನ ತಂಗಿ ನನ್ನ ಸೋಲಿಸೋಕೆ ನೋಡ್ತಿದ್ಲು ಡಾಕ್ಟ್ರೇ."

ಅತ್ತಿಗೆ ಅಳುತ್ತಲೇ ನಕ್ಕರು.

ಏಪ್ರಿಲ್ 2, ಬುಧವಾರ

ಆಪರೇಷನ್ ಮುಗಿಯಿತು. ಎಚ್ಚರವಾಗಿದೆ, ಅತ್ತಿಗೆಯ ಗುರುತು ಹಿಡಿದ. ಇವತ್ತಿಗೆ ಇಷ್ಟು ಸಾಕು.

ಏಪ್ರಿಲ್ 11, ಶುಕ್ರವಾರ. ವಾರ್ಡಿನಲ್ಲಿ, ಸಂಜೆ ನಾಲ್ಕು

ಅಣ್ಣನ ತಲೆಗೆ ಬ್ಯಾಂಡೇಜು, ಬಾಯಿಗೆ ಏನೂ ಇಲ್ಲ. ಬಂದಾಗಿನಿಂದ ನರ್ಸ್‌ಗಳನ್ನೆಲ್ಲ ಗೋಳು ಹೊಯ್ದುಕೊಳ್ಳುತ್ತಿದ್ದಾನೆ. ಊಟದ ಮೇಜು ಎಳೆದು ಬೋರ್ಡ್ ಹಾಸಿದೆವು. ಡಾಕ್ಟರ್ ಇನ್ನೂ ಅವನ ನೋಟವನ್ನು ಮಷೀನಿನಲ್ಲಿ ಪರೀಕ್ಷಿಸಿಲ್ಲ, ಮುಂದಿನ ವಾರ ಎಂದಿದ್ದಾರೆ. ನನಗೆ ಅಷ್ಟು ತಾಳ್ಮೆ ಎಲ್ಲಿದೆ?

ಬೇಕೆಂದೇ ಕುದುರೆಯನ್ನು ಅವನ ಎಡ ಅಂಚಿಗೆ ಇಟ್ಟೆ. ಅವನ ಆನೆ ಅದೇ ಸಾಲಿನಲ್ಲಿದೆ, ಎತ್ತಿ ಹೊಡೆದರೆ ಮುಗಿಯಿತು. ಹೊಡೆಯಲಿಲ್ಲ. ಬಲಗಡೆಯೇ ನೋಡುತ್ತಾ ಗಲ್ಲ ಕೆರೆದುಕೊಂಡ. ಕಿಟಕಿ ಕಡೆ ಮುಖ ತಿರುಗಿಸಿದೆ.

"ಅಳ್ಬೇಡ, ತೆಗಿ ಅದನ್ನ" ಎಂದ.

"ಯಾವ್ದನ್ನ?"

"ಆ ಕುದುರೆನ. ಪುಕ್ಕಟೆ ಕೊಟ್ಟಿದ್ದು ತಗೊಳ್ಳೋನಲ್ಲ ನಾನು. ವಾಪಸ್ ತಗೊಂಡು ಸರಿಯಾಗಿ ಆಡು."

ವಾಪಸ್ ತೆಗೆದುಕೊಂಡೆ. ಮೂಗು ಒರೆಸಿಕೊಂಡೆ. ಸರಿಯಾಗಿ ಆಡಿದೆ. ಈಗ ಅವನ ಸರದಿ, ಯೋಚನೆ ಮಾಡಲಿ, ಅಷ್ಟರಲ್ಲಿ ಇದನ್ನು ಬರೆದು ಮುಗಿಸಿಬಿಡೋಣ ಎಂದರೆ... ಅಯ್ಯೋ, ಅವನ ರಾಣಿ ಅಲ್ಲಿಗೆ ಯಾವಾಗ ಬಂ—