ಅಲೆದರದ ಮನೆಯಲ್ಲಿ ಇಬ್ಬರು

ಹುಬ್ಬಳ್ಳಿ,
೩೦ ಫೆಬ್ರುವರಿ ೨೧೪೩

ನನ್ನ ಹಿಂದಿನವರೇ,

ತಾರೀಖು ನೋಡಿ ಓಲೆಯನ್ನು ಪಕ್ಕಕ್ಕಿಡಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಕೆಲವು ಮಾತುಗಳೂ ನಿಮಗೆ ಹೊಸವು ಅನಿಸಬಹುದು, ಸೈರಿಸಿಕೊಳ್ಳಿ. ನಾನು ಹೊನ್ನವ್ವ ಕಮ್ಮಾರ. ನೆರಳಂಗಿ ಹೊಲಿಯುವುದು ನನ್ನ ಕಸುಬು. ಬೇಸಿಗೆಯ ಐದು ತಿಂಗಳು ಇಡೀ ಕಟ್ಟಡಕ್ಕೆ ತೊಡಿಸುವ ಬಿಳಿ ಬಟ್ಟೆಗೆ ನಾವು ನೆರಳಂಗಿ ಎನ್ನುತ್ತೇವೆ. ಅದಿಲ್ಲದೆ ಇಲ್ಲಿ ಮಧ್ಯಾಹ್ನ ಗೋಡೆ ಮುಟ್ಟಲಾಗುವುದಿಲ್ಲ.

ನಲವತ್ತನಾಲ್ಕನೇ ವಯಸ್ಸಿಗೆ ನಾನು ಮೂರನೇ ಮಹಡಿಯಲ್ಲಿ ಮನೆ ಕೊಂಡೆ. ಶೇಕಡಾ ಎಂಟರ ಬಡ್ಡಿ, ಇಪ್ಪತ್ತು ವರ್ಷದ ಸಾಲ, ಅಲೆದರದಲ್ಲಿ. ಅಂದರೆ ಎಲ್ಲ ಬ್ಯಾಂಕುಗಳಿಗೂ ದೇಶ ಗೊತ್ತುಮಾಡುವ ಮೂಲ ಬಡ್ಡಿ, ನಮ್ಮ ಮಾತಿನಲ್ಲಿ ತಳದರ, ಏರಿದರೆ ಏರುವ, ಇಳಿದರೆ ಇಳಿಯುವ ಬಡ್ಡಿ. ನಿಮ್ಮಲ್ಲೂ ಇದೆ ಎಂದು ಕೇಳಿದ್ದೇನೆ. ಮರುತಿಂಗಳೇ ತಳದರ ಒಂದೂವರೆ ಏರಿತು. ನನ್ನ ಕಂತು ಮಾತ್ರ ಒಂದು ಪೈಸೆಯೂ ಹೆಚ್ಚಲಿಲ್ಲ. ಬ್ಯಾಂಕಿನವರು ಒಳ್ಳೆಯವರು ಅಂದುಕೊಂಡು ಎಂಟು ವರ್ಷ ನೆಮ್ಮದಿಯಾಗಿ ಹೊಲಿಯುತ್ತ ಕೂತೆ.

ಆಮೇಲೆ ಎದುರು ಮನೆಗೆ ಝುಬೇದಾ ನದಾಫ್ ಬಂದಳು. ಮೂವತ್ತೊಂದರ ಹುಡುಗಿ, ನೀರು ಪರೀಕ್ಷಿಸುವ ಕೆಲಸ. ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೇಳಿದಳು:

"ಅಕ್ಕಾರ, ನನಗ ಎಂಟಕ್ಕ ಕೊಟ್ಟಾರ. ನಿಮ್ದು ಎಷ್ಟೈತ್ರಿ?"

ಎಂಟಕ್ಕೆ ಏರಿದ ಒಂದೂವರೆ ಕೂಡಿಸಿ ಒಂಬತ್ತೂವರೆ ಎಂದೆ. ಅವಳು ಲೋಟ ಕೆಳಗಿಟ್ಟಳು. "ಅದೇ ಬ್ಯಾಂಕ್, ಅದೇ ಕಟ್ಟಡ. ಹಂಗ ಹೆಂಗ್ರಿ?"

ಮರುದಿನ ಮನುಷ್ಯಬಾಗಿಲಿಗೆ ಹೋದೆವು. ಪ್ರತಿ ಬ್ಯಾಂಕಿನಲ್ಲೂ ಜೀವಂತ ಮನುಷ್ಯರೊಬ್ಬರು ಕೂರಲೇಬೇಕೆಂದು ನಮ್ಮಲ್ಲಿ ಕಾನೂನಿದೆ, ಅವರು ಕೂರುವ ಕೋಣೆಗೆ ಆ ಹೆಸರು. ಅಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ತಳದರ ಎಲ್ಲರಿಗೂ ಒಂದೇ. ಅದರ ಮೇಲೆ ಬ್ಯಾಂಕು ಸೇರಿಸುವ ಪಾಲು ಸಹಿ ಹಾಕಿದ ದಿನದ್ದೇ ಉಳಿಯುತ್ತದೆ. ನನಗೆ ಮೂರು, ಹೊಸಬರನ್ನು ಸೆಳೆಯಲು ಝುಬೇದಾಗೆ ಒಂದೂವರೆ. ಕಂತು ಏರದಿದ್ದುದಕ್ಕೆ ನನ್ನ ಸಾಲ ಮೂವತ್ತೊಂದು ವರ್ಷಕ್ಕೆ ಹಿಗ್ಗಿತ್ತು. ನನಗೆ ಎಪ್ಪತ್ತೈದು ಆಗುವ ತನಕ.

"ಮತ್ತ ನೀವು ಹೇಳಲಿಲ್ಲಲ್ಲ?" ಎಂದೆ.

"ಪತ್ರ ಕಳಿಸೇವ್ರಿ. ಪಾಲು ತಾನಾಗಿ ಇಳಿಯೂದಿಲ್ಲ. ಕೇಳಿದವರಿಗೆ ಇಳಸ್ತೇವಿ."

ಪತ್ರ ಬಂದದ್ದು ನಿಜ, ನಾನು ಓದಿರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು. ಅಲ್ಲೇ ಕೂತು ಅರ್ಜಿ ಬರೆದೆ. ಸಣ್ಣ ಶುಲ್ಕ ಕಟ್ಟಿ ಹೊಸಬರ ದರಕ್ಕೆ ಬಂದೆ. ಕಂತು ಇಳಿಸುತ್ತೇವೆ ಎಂದರು, ನಾನು ಒಪ್ಪಲಿಲ್ಲ. ಹಳೆಯ ಕಂತೇ ಕಟ್ಟಿದರೆ ಎಪ್ಪತ್ತಕ್ಕೇ ಸಾಲ ತೀರುತ್ತಿತ್ತು. ಐದು ವರ್ಷ ಮರಳಿ ಸಿಕ್ಕಿತು.

ಇಲ್ಲಿಗೆ ಮುಗಿಯಲಿಲ್ಲ. ವರ್ಷ ತಿರುಗುವಷ್ಟರಲ್ಲಿ ತಳದರ ಮತ್ತೆ ಒಂದು ಏರಿತು. ನನ್ನ ಅವಧಿ ಒಂದಿಷ್ಟು ಉದ್ದವಾಯಿತು, ಅಷ್ಟೆ. ಪೆಟ್ಟು ಬಿದ್ದದ್ದು ಹೊಸಬಳಿಗೆ. ಮೂವತ್ತು ವರ್ಷದ ಸಾಲ, ಅಸಲು ಇನ್ನೂ ಕರಗಿರಲಿಲ್ಲ. ಅವಳ ಕಂತು ಬಡ್ಡಿಗೇ ಸಾಕಾಗದಾಯಿತು. ಬಡ್ಡಿಯೇ ತೀರದ ಮೇಲೆ ಎಷ್ಟು ವರ್ಷ ಹಿಗ್ಗಿಸಿದರೂ ಅಸಲು ಕರಗದು, ಹಾಗಾಗಿ ಅವಧಿ ಹಿಗ್ಗಿಸುವ ದಾರಿಯೂ ಇರಲಿಲ್ಲ.

"ಮನಿ ಮಾರತೇನಿ ಅಕ್ಕಾರ," ಎಂದಳು. ಕಣ್ಣಲ್ಲಿ ನೀರಿರಲಿಲ್ಲ, ಅದೇ ನನ್ನನ್ನು ಹೆದರಿಸಿತು.

"ಮಾರಬ್ಯಾಡ ತಂಗಿ. ನೂರಕ್ಕ ಒಂಬತ್ತು ರೂಪಾಯಿ ಕಂತು ಹೆಚ್ಚಾದ್ರ ಸಾಲ ಸರಿದಾರಿಗೆ ಬರತೈತಿ. ಆ ಒಂಬತ್ತು ಗಳಸೂದು ಹೆಂಗ ನೋಡೂಣು."

ಭಾನುವಾರ ಅವಳು ನನ್ನ ಜೊತೆ ನೆರಳಂಗಿ ಹೊಲಿಯಲು ಕೂತಳು. ಮೊದಲ ತಿಂಗಳು ಎಲ್ಲ ಅಂಚೂ ಡೊಂಕು, ಬಿಚ್ಚಿ ಬಿಚ್ಚಿ ನನಗೆ ಸಾಕಾಯಿತು. ಮೂರನೇ ತಿಂಗಳಿಗೆ ಇಡೀ ಶಾಲೆಯೊಂದರ ನೆರಳಂಗಿ ಒಬ್ಬಳೇ ಮುಗಿಸಿದಳು. ಎರಡು ವರ್ಷದ ಮೇಲೆ ತಳದರ ಇಳಿಯಿತು. ಅವಳು ಕಂತು ಇಳಿಸಲಿಲ್ಲ.

ಈಗ ನಮ್ಮ ಕಟ್ಟಡದ ಇಪ್ಪತ್ತಾರು ಮನೆಯವರು ಯುಗಾದಿಯ ಮರುದಿನ ತಮ್ಮ ಸಾಲದ ಪತ್ರ ತಂದು ಅಂಗಳದಲ್ಲಿ ಕೂತು ಗಟ್ಟಿಯಾಗಿ ಓದುತ್ತಾರೆ. ಮೊದಲು ಸಂಕೋಚಪಟ್ಟವರೇ ಈಗ ಮುಂದಿನ ಸಾಲಿನಲ್ಲಿರುತ್ತಾರೆ.

ನನ್ನದೊಂದೇ ಕೋರಿಕೆ. ನೀವು ಹಳಬರಾಗಿದ್ದರೆ, ಹೊಸಬರಿಗೆ ಎಷ್ಟು ದರ ಎಂದು ಹೋಗಿ ಕೇಳಿ. ಹೊಸಬರಾಗಿದ್ದರೆ, ಬಡ್ಡಿ ಇನ್ನೆರಡು ಏರಿದರೂ ಕಟ್ಟಬಲ್ಲೆನೇ ಎಂದು ಸಹಿಗೆ ಮೊದಲೇ ಲೆಕ್ಕ ಹಾಕಿ. ಅಲೆಯನ್ನು ನಿಲ್ಲಿಸಲು ನಮಗೂ ಬಂದಿಲ್ಲ, ಈಜಲು ಬಂದಿದೆ. ನಿಮಗೂ ಬರುತ್ತದೆ.

ನಿಮ್ಮ ಮುಂದಿನವಳು,
ಹೊನ್ನವ್ವ