ಸಂಪಿಗೆ ಸಸಿಗೆ ಮಡಿಲಕ್ಕಿ ಕಟ್ಟಿದ ಅಜ್ಜಿಗೆ

ಫೆಬ್ರವರಿ ೩೦, ೨೧೮೮
ಗಾಜುತೋಟದ ಹಾಸ್ಟೆಲ್, ಉತ್ತರ ಸಮುದ್ರದ ಬಂದರು

ಹೊಸಕೋಟೆಯ ನರ್ಸರಿ ಅಜ್ಜಿಗೆ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಗೊತ್ತು. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ಹಾಸ್ಟೆಲಿನಲ್ಲಿ ಕಲಿತದ್ದು, ಅರ್ಧ ಇಂಗ್ಲಿಷು. ಎಡವಿದ ಕಡೆ ಸಾರಿ, ಅಂದರೆ ಕ್ಷಮಿಸಿ. ನಾನು ಓಜಸ್ವಿ, ನಿಮ್ಮ ಮರಿಮಗಳ ಮೊಮ್ಮಗಳು, ಗಿಡವಿದ್ಯೆಯ ಮೊದಲ ವರ್ಷದಲ್ಲಿದ್ದೇನೆ.

ನೀವು ಈ ಬಂದರಿಗೆ ಕಳಿಸಿದ ಮೊದಲ ಪೆಟ್ಟಿಗೆಗಳು ಸುಟ್ಟುಹೋದ ವಾರವೇ ಈ ಪತ್ರ ನಿಮ್ಮ ಕೈಗೆ ಸಿಗಲಿ ಎಂದು ನನ್ನ ಆಸೆ. ಪರದೇಶದ ಗಿಡಗಳನ್ನು ನಲವತ್ತು ದಿನ ಬೇರೆ ಇಟ್ಟು ನೋಡುವ ಕಟ್ಟಡಕ್ಕೆ ನಾವು ಕಾವಲುಮನೆ ಅನ್ನುತ್ತೇವೆ. ಅಲ್ಲಿ ಆ ಹಳೆಯ ವರದಿ ಇನ್ನೂ ಇದೆ. ಕೆಂಡಸಂಪಿಗೆ ಸಸಿ, ನಾನೂರು. ಬೇರು ಚೆನ್ನಾಗಿ ತೊಳೆದಿದೆ, ಮಣ್ಣಿನ ಕಣವಿಲ್ಲ, ಹುಳುವಿಲ್ಲ. ಆದರೆ ಪ್ರತಿ ಪೆಟ್ಟಿಗೆಯಲ್ಲೂ ಒಂದು ಹಿಡಿ ಅಕ್ಕಿ, ಒಂದು ಅರಿಶಿನ ಕೊಂಬು, ಕಾಗದದಲ್ಲಿ ತಿಳಿಸದೆ ಇಟ್ಟದ್ದು. ಇಲಿಗೆ ಇಟ್ಟ ವಿಷವಿರಬಹುದು ಎಂದು ಬರೆದು ಎಲ್ಲವನ್ನೂ ಸುಟ್ಟಿದ್ದಾರೆ.

ಅವರಿಗೇನು ಗೊತ್ತು? ತವರಿಂದ ಹೊರಟ ಮಗಳನ್ನು ಬರಿ ಮಡಿಲಲ್ಲಿ ಕಳಿಸಬಾರದು ಅಂತ ನೀವು ಸಸಿಗಳಿಗೂ ಮಡಿಲಕ್ಕಿ ಕಟ್ಟಿದಿರಿ. ಆವತ್ತು ನಿಮ್ಮ ಯಜಮಾನರು ಮುನಿಯಲ್ಲಪ್ಪನವರು ಆಡಿದ ಮಾತನ್ನು ನಮ್ಮ ಮದುವೆಮನೆಗಳಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ: "ಜೊತೆಗೊಂದು ಸೀರೆನೂ ಉಡಿಸಿ ಕಳಿಸ್ಬೇಕಾಗಿತ್ತು ಕಣೇ, ಬೀಗರು ಅಂತ ಒಳಗೆ ಬಿಟ್ಟಿರೋರು!" ಅದಕ್ಕೆ ನೀವು, "ಬಾಯ್ಮುಚ್ಚು. ಇನ್ಮೇಲೆ ಒಂದು ಕಡ್ಡಿನೂ ಕಳಿಸಲ್ಲ" ಅಂದಿರಂತೆ.

ಆ 'ಕಳಿಸಲ್ಲ' ನೆನೆದಾಗೆಲ್ಲ ನನಗೆ ಭಯ. ಯಾಕೆಂದರೆ ನಿಮ್ಮ ನಂತರ ನೂರು ವರ್ಷಕ್ಕೆ ಬೇರುಕೊರಗು ಎಂಬ ರೋಗ ಬಂದು ನಮ್ಮ ಕಡೆಯ ಸಂಪಿಗೆಗಳೆಲ್ಲ ಒಣಗಿದವು. ಅಮ್ಮ ಆ ಹೂವನ್ನು ಚಿತ್ರದಲ್ಲಷ್ಟೇ ನೋಡಿದ್ದಾಳೆ. ಉಳಿದಿರುವುದು ಈ ಗಾಜುತೋಟದಲ್ಲಿ ಮಾತ್ರ, ನೀವು ಎರಡನೆಯ ಸಲ ಕಳಿಸಿದ ಸಸಿಗಳ ಸಂತಾನ. ಇಲ್ಲಿ ಬಿಸಿಲೇ ಇಲ್ಲ. ದೀಪಬಿಸಿಲು ಎಂಬ ಬೆಳಕು ಹಚ್ಚಿ ಸಾಕುತ್ತೇವೆ. ಬೆಳಗ್ಗೆ ಬಾಗಿಲು ತೆಗೆದರೆ ಹೂವಿನ ವಾಸನೆ ಘಮ್ಮೆಂದು ಮುಖಕ್ಕೆ ಬರುತ್ತದೆ. ಬಂದ ಹೊಸದರಲ್ಲಿ ಚಳಿಗೂ ಸಪ್ಪೆ ಊಟಕ್ಕೂ ಅಳುತ್ತಿದ್ದೆ. ಗಂಟುಮೂಟೆ ಕಟ್ಟದೆ ಉಳಿದದ್ದು ಆ ವಾಸನೆಯಿಂದ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮುಂದಿನ ವಾರ ಅರವತ್ತು ಸಸಿ ಊರಿಗೆ ಮರಳುತ್ತವೆ. ಬೇರು ತೊಳೆಯುವವಳು ನಾನೇ.

ನೀವು ಮತ್ತೆ ಕಳಿಸಿದಿರಿ ಎಂಬುದಕ್ಕೆ ಮರಗಳೇ ಸಾಕ್ಷಿ. ಆದರೂ ಹೆದರಿಕೆಯಿಂದ ಬೇಡಿಕೊಳ್ಳುತ್ತೇನೆ: ಕೋಪ ಬಿಟ್ಟು ಇನ್ನೊಮ್ಮೆ ಕಳಿಸಿ. ಮಡಿಲು ತುಂಬುವುದನ್ನು ಮನೆಯಲ್ಲೇ ಮುಗಿಸಿಬಿಡಿ.

ಮತ್ತೊಂದು ವಿಷಯ. ಊರಿಗೆ ಹೋಗುವ ತಳಿಗೆ ನೀನೇ ಹೆಸರಿಡು ಅಂದಿದ್ದಾರೆ ಮೇಷ್ಟ್ರು. ನಿಮ್ಮ ಹೆಸರಿಡೋಣವೆಂದರೆ ಮನೆಯಲ್ಲಿ ಯಾರಿಗೂ ಅದು ಗೊತ್ತಿಲ್ಲ, ಎಲ್ಲರೂ ಅಜ್ಜಿ ಅಂತಾರೆ. ಎರಡನೆಯ ಸಲದ ಕಾಗದಗಳಲ್ಲೂ 'ಮುನಿಯಲ್ಲಪ್ಪ ಅಂಡ್ ಸನ್ಸ್' ಎಂಬ ಮೊಹರು ಬಿಟ್ಟರೆ ಏನೂ ಇಲ್ಲ. ದಯವಿಟ್ಟು ಆ ಕಾಗದಗಳನ್ನು ತುಂಬುವಾಗ ಒಂದು ಮೂಲೆಯಲ್ಲಿ ನಿಮ್ಮ ಹೆಸರು ಬರೆಯಿರಿ.

ನಾಳೆ ಬೆಳಗ್ಗೆ ಆ ಹಳೆಯ ಕಾಗದಗಳನ್ನು ಮತ್ತೆ ತೆಗೆದು, ಮೂಲೆಯಲ್ಲಿ ನಿಮ್ಮ ಹೆಸರು ಬಂದಿದೆಯಾ ನೋಡುತ್ತೇನೆ.

ನಿಮ್ಮ
ಓಜಸ್ವಿ